ಸಹಾಯ ಬೇಕು: ಆಲ್ಫ್ರೆಡ್ ನೋಬಲ್ ಪ್ರಶಸ್ತಿಯ ವಯಸ್ಸಿನ ಲೆಕ್ಕ

ನಮಸ್ಕಾರ. ಸ್ವೀಡನ್ನಿನ ನೊಬೆಲ್ ಅಲ್ಲ ಮಾರಾಯ್ರೇ, ಇದು ಅಮೆರಿಕದ ಸಿವಿಲ್ ಎಂಜಿನಿಯರ್ ಆಲ್ಫ್ರೆಡ್ ನೋಬಲ್ ಹೆಸರಿನದು. (ಮನೆಯವರಿಗೆ ಇದನ್ನು ಬಿಡಿಸಿ ಹೇಳಿ ಸುಸ್ತಾಗಿದೆ!) ಅತ್ಯುತ್ತಮ ತಾಂತ್ರಿಕ ಪ್ರಬಂಧ ಬರೆದ, 35 ದಾಟದ ಲೇಖಕರಿಗೆ ಕೊಡುತ್ತಾರೆ. 1938ರಲ್ಲಿ ಪ್ರಕಟವಾದ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಸರ್ಕ್ಯೂಟ್ ಪ್ರಬಂಧಕ್ಕಾಗಿ, ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್‌ಗೆ ಸಿಕ್ಕಿದ್ದು ಇದೇ. ಸ್ನಾತಕೋತ್ತರ ಪದವಿಗೆಂದು ಮಾಡಿದ ಕೆಲಸ ಅದು. ನನಗೆ ಧೈರ್ಯ ಬಂದಿದ್ದೂ ಅದರಿಂದಲೇ.

ಕಾಂಕ್ರೀಟ್ ಬಿರುಕಿನ ಬಗ್ಗೆ ನಾನು ಬರೆದ ಪ್ರಬಂಧ ಅಮೆರಿಕನ್ ಸೊಸೈಟಿ ಆಫ್ ಸಿವಿಲ್ ಎಂಜಿನಿಯರ್ಸ್ ಜರ್ನಲ್‌ನಲ್ಲಿ ಬಂದಿದೆ. ನನಗೀಗ 34. ತೊಡಕೆಂದರೆ, ಸಹಲೇಖಕರಾದ ನಮ್ಮ ಗೈಡ್‌ಗೆ 58. ಮೊದಲ ಹೆಸರು ನನ್ನದಿದ್ದರೆ ಸಾಕಾ, ಎಲ್ಲರೂ 35ರೊಳಗೇ ಇರಬೇಕಾ? ವಯಸ್ಸು ಹಿಡಿಯೋದು ಪ್ರಬಂಧ ಸಲ್ಲಿಸಿದ ದಿನಕ್ಕೋ, ಅಚ್ಚಾದ ದಿನಕ್ಕೋ? ನಾಮನಿರ್ದೇಶನದ ಅನುಭವ ಇದ್ದವರು ದಯವಿಟ್ಟು ತಿಳಿಸಿ. ಗೈಡ್ ಹತ್ತಿರ ಅವರ ವಯಸ್ಸೇ ಅಡ್ಡಿ ಅಂತ ಹೇಗೆ ಕೇಳಲಿ!