ಸಹಾಯ ಬೇಕು: 6ರಿಂದ 8ನೇ ಕ್ಲಾಸ್ ಮಕ್ಕಳಿಗೆ ಒಳ್ಳೆಯ ವಿಜ್ಞಾನ ಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ಬಂಗಾರಪೇಟೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹಳೇ ವಿದ್ಯಾರ್ಥಿಗಳು ಲೈಬ್ರರಿಗೆ ಅಂತ ಐದು ಸಾವಿರ ರೂಪಾಯಿ ಕೊಟ್ಟಿದ್ದಾರೆ. ಕಥೆ ಪುಸ್ತಕ ಬೇಕಾದಷ್ಟಿವೆ, ಇದನ್ನು ಪೂರ್ತಿ ವಿಜ್ಞಾನಕ್ಕೇ ಹಾಕೋಣ ಅಂತಿದ್ದೇನೆ.

ಕ್ವಿಜ್ ಪುಸ್ತಕ ಬೇಡ. ವಿಜ್ಞಾನಿಗಳ ಪರಿಚಯವೂ ಸಾಕಷ್ಟಾಯ್ತು. ಹುಟ್ಟಿದ ಊರು, ಓದಿದ ಕಾಲೇಜು, ಬಂದ ಪ್ರಶಸ್ತಿ, ಅಷ್ಟೇ. ಅವೆಲ್ಲ ಬೀರುವಿನಲ್ಲಿ ಧೂಳು ತಿನ್ನುತ್ತಿವೆ.

ನಮ್ಮ ಮಕ್ಕಳ ಕುತೂಹಲವೇ ಬೇರೆ. ಹಲವರ ತಾತಂದಿರು ಕೆಜಿಎಫ್ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ 2001ರಲ್ಲೇ ಮುಚ್ಚಿತು, ಮನೆಯಲ್ಲಿ ಅದರ ಮಾತು ಮಾತ್ರ ನಿಂತಿಲ್ಲ. "ಸಾರ್, ಗಣಿಯ ಆಳದಲ್ಲಿ ಬಿಸಿಲೇ ಬೀಳದ ಕಡೆ ಬಂಡೆ ಯಾಕೆ ಅಷ್ಟು ಬಿಸಿ?" ಅಂತ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಅದೇ ಗಣಿಯಲ್ಲಿ, 2 ಕಿ.ಮೀ.ಗೂ ಜಾಸ್ತಿ ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೊ ಅನ್ನೋ ಅತಿ ಸಣ್ಣ ಕಣಗಳ ಗುರುತು ಸಿಕ್ಕಿತ್ತು ಅಂದೆ. ಮೇಲಿನ ಬಂಡೆ ಬೇರೆ ಕಣಗಳನ್ನು ತಡೆಯುತ್ತೆ ಅಂತಲೇ ಅಷ್ಟು ಕೆಳಗೆ ಇಳಿದಿದ್ದರು ಅಂತಲೂ ಹೇಳಿದೆ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ! ಇಂಥದ್ದನ್ನು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವ ಪುಸ್ತಕ ಕನ್ನಡದಲ್ಲಿ ಇದೆಯಾ?

ಕಲ್ಲು, ಕೆರೆ, ಹುಳು, ಆಕಾಶ, ಯಾವುದಾದರೂ ಸರಿ. ಚಿತ್ರ ಇರಲಿ. ಭಾಷೆ ಸರಳವಾಗಿರಲೇಬೇಕು, ಮನೆಯಲ್ಲಿ ತೆಲುಗು, ತಮಿಳು ಮಾತಾಡುವ ಮಕ್ಕಳೇ ಇಲ್ಲಿ ಜಾಸ್ತಿ.

ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್‌ನವರ ಪಟ್ಟಿ ನೋಡಿದ್ದೇನೆ. ಸುಮ್ನೆ ಹೆಸರು ನೋಡಿ ತರಿಸೋಕೆ ಧೈರ್ಯ ಇಲ್ಲ. ನಿಮ್ಮ ಮಕ್ಕಳು ಕಿತ್ತಾಡಿಕೊಂಡು ಓದಿದ್ದು ಯಾವುದು ಅಂತ ಹೇಳಿ. ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಹಳೇ ಸಂಚಿಕೆಗಳು ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಕೋಲಾರದ ಸುತ್ತಮುತ್ತ ಎಲ್ಲೇ ಇದ್ದರೂ ನಾನೇ ಬಂದು ತಗೊಂಡು ಹೋಗುತ್ತೇನೆ.