ಮಹಾನಗರಗಳ ನಡುಭಾಗದ ಮ್ಯೂಸಿಯಂಗಳು: ಅರ್ಧ ದಿನದಲ್ಲಿ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ಪ್ರಶ್ನೆ: ಕೆಲಸದ ನಿಮಿತ್ತ ಮೂರ್ನಾಲ್ಕು ದೊಡ್ಡ ನಗರಗಳಿಗೆ ಹೋಗಬೇಕಾಗಿದ್ದು, ವಯಸ್ಸಾದ ತಂದೆಯವರೂ ಜೊತೆಗಿರುತ್ತಾರೆ. ಅವರಿಗೆ ಇತಿಹಾಸವೆಂದರೆ ಪ್ರಾಣ, ಆದರೆ ಹೆಚ್ಚು ಹೊತ್ತು ನಿಲ್ಲಲಾರರು. ಪ್ರತಿ ಊರಿನಲ್ಲೂ ಸಿಗುವುದು ಒಂದು ಮಧ್ಯಾಹ್ನದ ಬಿಡುವು ಮಾತ್ರ. ನಗರದ ನಡುಭಾಗದ ಮ್ಯೂಸಿಯಂಗಳನ್ನು ನೋಡಿದವರು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಹೆಸರುವಾಸಿಯಾದ ಅತಿ ದೊಡ್ಡ ಮ್ಯೂಸಿಯಂಗಿಂತ, ಆ ನಗರ ನಿಂತಿರುವ ನೆಲದ ಕಥೆಯನ್ನೇ ಹೇಳುವ ಮ್ಯೂಸಿಯಂ ಅರ್ಧ ದಿನಕ್ಕೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮೆಕ್ಸಿಕೊ ಸಿಟಿಯಲ್ಲಿ ಎಲ್ಲರೂ ಸೂಚಿಸುವುದು 1964ರಲ್ಲಿ ಆರಂಭವಾದ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂ ಅನ್ನು. ಅದು ಅದ್ಭುತವೇ ಸರಿ, ಆದರೆ ಒಂದು ಮಧ್ಯಾಹ್ನಕ್ಕೆ ದಕ್ಕುವಂಥದ್ದಲ್ಲ, ಹಳೆಯ ನಗರಕೇಂದ್ರದಿಂದಲೂ ದೂರ. ಬದಲಿಗೆ ನಗರದ ಮುಖ್ಯ ಚೌಕದ ಪಕ್ಕದಲ್ಲೇ ಇರುವ ಟೆಂಪ್ಲೊ ಮಾಯೋರ್‌ಗೆ ಹೋಗಿ. 1978ರಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ರಸ್ತೆ ಅಗೆಯುವಾಗ ಕೊಯೋಲ್ಷೌಕಿ ಎಂಬ ದೇವಿಯ ದೊಡ್ಡ ದುಂಡುಶಿಲೆ ಅಲ್ಲಿ ಸಿಕ್ಕಿತು. ಮುಂದೆ ನಡೆದ ಉತ್ಖನನದಲ್ಲಿ ಸ್ಪೇನಿಗರು ಬರುವ ಮೊದಲು ಅಲ್ಲಿ ಆಳುತ್ತಿದ್ದ ಆಜ್ಟೆಕರ ಪ್ರಧಾನ ದೇಗುಲದ ಅವಶೇಷಗಳೇ ಹೊರಬಂದವು. 1987ರಲ್ಲಿ ಮ್ಯೂಸಿಯಂ ತೆರೆಯಿತು. ಮೊದಲು ಹೊರಗಿನ ಪಾಳುಗೋಡೆಗಳನ್ನು ನೋಡಿಕೊಂಡು ಆಮೇಲೆ ಒಳಗೆ ಹೋಗಬೇಕು. ಶಿಲೆಯನ್ನು ಮೇಲಿನ ಅಂತಸ್ತಿನಿಂದ ಬಗ್ಗಿ ನೋಡಿದಾಗಲೇ ಅದರ ರಚನೆ ಪೂರ್ತಿಯಾಗಿ ತಿಳಿಯುತ್ತದೆ: ಕಡಿದ ಕೈಕಾಲುಗಳು ಸುತ್ತಲೂ ಚೆಲ್ಲಿಕೊಂಡಿವೆ, ತಲೆ ಬೇರೆಯಾಗಿದೆ, ಕೆನ್ನೆಯ ಮೇಲೆ ಗಂಟೆಯ ಗುರುತಿದೆ. ಅವಳನ್ನು ಕೊಂದು ಬೆಟ್ಟದಿಂದ ಕೆಳಕ್ಕೆ ಉರುಳಿಸಿದವನು ತಮ್ಮನಾದ ಯುದ್ಧದೇವತೆ ವಿಟ್ಸಿಲೊಪೋಚ್ಟ್ಲಿ ಎಂದು ಪುರಾಣ. ಅವನ ಗುಡಿಗೆ ಏರುವ ಮೆಟ್ಟಿಲುಗಳ ಬುಡದಲ್ಲೇ ಈ ಶಿಲೆಯನ್ನು ಹಾಸಿದ್ದರು. ಹೊರಗೆ ಆ ಮೆಟ್ಟಿಲುಗಳನ್ನು ಕಂಡು ಬಂದವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಉತ್ತರ 2: ತಂದೆಯವರ ವಿಷಯದಲ್ಲಿ ಒಂದು ಮಾತು. ಮ್ಯೂಸಿಯಂನಲ್ಲಿ ದಣಿವಾಗುವುದು ನಡೆದದ್ದರಿಂದ ಮಾತ್ರವಲ್ಲ. ನಿಂತು, ಬಗ್ಗಿ, ಕತ್ತು ಚಾಚಿ ಓದುವುದರಿಂದಲೂ ಆಗುತ್ತದೆ. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ, ತಗ್ಗಿನಲ್ಲಿರುವ ಫಲಕಗಳನ್ನು ಓದಲು ಪ್ರೇಕ್ಷಕ ಎಷ್ಟು ಮೈ ಬಾಗಿಸಬೇಕಾಗುತ್ತದೆ ಎಂಬುದನ್ನು ಛಾಯಾಚಿತ್ರಗಳ ಸಮೇತ ತೋರಿಸಿದ್ದರು. ಫಲಕಗಳನ್ನು ನೀವೇ ಓದಿ ಹೇಳಿ, ಅವರು ಕುಳಿತು ಕೇಳಲಿ. ಹಲವು ದೊಡ್ಡ ಮ್ಯೂಸಿಯಂಗಳು ಗಾಲಿಕುರ್ಚಿಯನ್ನು ಎರವಲು ಕೊಡುತ್ತವೆ, ಕೇಳಲು ಸಂಕೋಚಪಡಬೇಡಿ. ಕಟ್ಟಡದ ನಕ್ಷೆಯನ್ನೂ ಮೊದಲೇ ನೋಡಿಕೊಳ್ಳಿ. ವಾಷಿಂಗ್ಟನ್ನಿನಲ್ಲಿ 2016ರಲ್ಲಿ ಆರಂಭವಾದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಇತಿಹಾಸದ ಭಾಗ ನೆಲದಡಿಯಿಂದ ಶುರುವಾಗುತ್ತದೆ: ಲಿಫ್ಟಿನಲ್ಲಿ ತಳಕ್ಕಿಳಿದು, ಗುಲಾಮಗಿರಿಯ ಕಾಲದಿಂದ ಇಂದಿನವರೆಗೆ ಇಳಿಜಾರುಗಳನ್ನೇರುತ್ತ ಮೇಲಕ್ಕೆ ಬರಬೇಕು. ಆ ಏರಿಕೆಯಲ್ಲಿ ಅರ್ಥವಿದೆ, ನಿಜ. ಮೊಣಕಾಲಿಗೆ ಮಾತ್ರ ಅದು ತಿಳಿಯುವುದಿಲ್ಲ.

ಉತ್ತರ 3: ಹಳೆಯ ಪ್ರವಾಸಿ ಕೈಪಿಡಿಗಳನ್ನು ನಂಬಬೇಡಿ. ಕೈರೋದ ತಹ್ರೀರ್ ಚೌಕದಲ್ಲಿರುವ 1902ರ ಮ್ಯೂಸಿಯಂನಲ್ಲಿದ್ದ ರಾಜ ಮಮ್ಮಿಗಳನ್ನು 2021ರಲ್ಲಿ ಮೆರವಣಿಗೆಯಲ್ಲೇ ಬೇರೊಂದು ಮ್ಯೂಸಿಯಂಗೆ ಒಯ್ದರು. ಟುಟಂಖಾಮನ್ನನ ನಿಧಿ ಗೀಜಾದ ಹತ್ತಿರದ ಹೊಸ ಕಟ್ಟಡಕ್ಕೆ ಹೋಗಿದೆ. ವಾರದ ರಜೆಯನ್ನೂ ವಿಚಾರಿಸಿಕೊಳ್ಳಿ: ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ, ಇನ್ನೂ ಅನೇಕವಕ್ಕೆ ಸೋಮವಾರ.

ಉತ್ತರ 4: ಮೊದಲನೆಯವರ ಮಾತನ್ನು ಒಪ್ಪುತ್ತೇನೆ, ಆದರೆ ದೊಡ್ಡ ಮ್ಯೂಸಿಯಂಗಳನ್ನು ಪೂರ್ತಿ ಬಿಟ್ಟುಬಿಡುವುದು ಬೇಡ. ಅಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಹೋಗಬೇಕು; ನಾನು ಕೇಳಿಕೊಳ್ಳುವುದು, ಈ ವಸ್ತು ಇಲ್ಲಿಗೆ ಬಂದದ್ದು ಹೇಗೆ ಎಂದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ, ಈಜಿಪ್ಟಿನ ಪ್ರಾಚೀನ ಚಿತ್ರಲಿಪಿಯನ್ನು ಓದಲು ದಾರಿಮಾಡಿಕೊಟ್ಟ ರೊಸೆಟ್ಟಾ ಶಿಲೆಯ ಎದುರು ಜನ ಕಿಕ್ಕಿರಿದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬದಿಗೆ ಸರಿದು ಅದರ ಅಂಚನ್ನು ಗಮನಿಸಿ: 1801ರಲ್ಲಿ ಬ್ರಿಟಿಷ್ ಸೇನೆ ಈಜಿಪ್ಟಿನಲ್ಲಿ ವಶಪಡಿಸಿಕೊಂಡದ್ದು ಎಂದು ಒಂದು ಅಂಚಿನಲ್ಲಿ, ಮೂರನೆಯ ಜಾರ್ಜ್ ದೊರೆಯ ಕೊಡುಗೆ ಎಂದು ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ ಬಣ್ಣದಿಂದ ಬರೆದಿದ್ದಾರೆ. ಯುದ್ಧದಲ್ಲಿ ಗೆದ್ದ ವಸ್ತು ಕೊಡುಗೆಯಾಗಿ ಮಾರ್ಪಟ್ಟ ಬಗೆಯನ್ನು ತಂದೆಯವರು ಖಂಡಿತ ಚರ್ಚೆಗೆ ಎಳೆಯುತ್ತಾರೆ! ಅಲ್ಲಿನ ಶಾಶ್ವತ ಸಂಗ್ರಹಕ್ಕೆ ಪ್ರವೇಶ ಉಚಿತವಾದ್ದರಿಂದ, ದಣಿವಾದರೆ ಹೊರಬಂದು ಸುಧಾರಿಸಿಕೊಂಡು ಮತ್ತೆ ಹೋಗಲು ಅಡ್ಡಿಯಿಲ್ಲ; ಶುಕ್ರವಾರ ರಾತ್ರಿ 8.30ರವರೆಗೆ ತೆರೆದಿರುವುದರಿಂದ ನಿಮ್ಮ ಕೆಲಸ ಮುಗಿದ ಮೇಲೂ ಹೋಗಬಹುದು.