ಮದುವೆಯ ಕರೆಯೋಲೆಗೆ ಕೈಬರಹದಂಥ ಅಕ್ಷರವನ್ನು ಎಲ್ಲೆಲ್ಲಿ ಬಳಸಬಹುದು?

ಪ್ರಶ್ನೆ (ಶಿರಸಿ):
ತಂಗಿಯ ಮದುವೆಯ ಕರೆಯೋಲೆಯನ್ನು ನಾನೇ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದೇನೆ. ವರ ಕಾರವಾರದ ನೌಕಾನೆಲೆಯಲ್ಲಿ ಉದ್ಯೋಗದಲ್ಲಿರುವುದರಿಂದ, ಹೊರರಾಜ್ಯದ ಸಹೋದ್ಯೋಗಿಗಳಿಗಾಗಿ ಒಂದು ಬದಿ ಇಂಗ್ಲಿಷಿನಲ್ಲಿ ಇರಬೇಕಾಗಿದೆ. ಅದಕ್ಕೆ ಸ್ನೆಲ್ ರೌಂಡ್‌ಹ್ಯಾಂಡ್ ಎಂಬ, ಓರೆಯಾದ ಕೈಬರಹದಂಥ ಫಾಂಟ್ ಬಹಳ ಚೆನ್ನಾಗಿ ಒಪ್ಪಿತು. ಕನ್ನಡದ ಬದಿಗೂ ಅದೇ ಬೆಡಗು ಬರಲೆಂದು ಸಾಮಾನ್ಯ ಕನ್ನಡ ಫಾಂಟನ್ನು ಓರೆ ಮಾಡಿ ನೋಡಿದರೆ ‘ಜ್ಯೋತ್ಸ್ನಾ’ ಎಂಬ ತಂಗಿಯ ಹೆಸರೇ ವಾಲಿ ಬೀಳುವಂತೆ ಕಾಣುತ್ತದೆ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ (ಕುಮಟಾ, ಮುದ್ರಣದ ಕೆಲಸ):
ಓರೆ ಮಾಡಿದ್ದೇ ತೊಂದರೆಯ ಮೂಲ. ಲಂಡನ್ನಿನ ಬರವಣಿಗೆ ಗುರು ಚಾರ್ಲ್ಸ್ ಸ್ನೆಲ್ಲನ ಕೈಬರಹವನ್ನು ಆಧರಿಸಿ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ಆ ಫಾಂಟನ್ನು ರೂಪಿಸಿದರು; ಅದರ ಓರೆ, ಅಕ್ಷರದಿಂದ ಅಕ್ಷರಕ್ಕೆ ಹರಿಯುವ ಸಣ್ಣ ಗೆರೆ, ಕೆಳಗಿಳಿಯುವಾಗ ದಪ್ಪವಾಗುವ ಗೆರೆ ಇವೆಲ್ಲ ಲೇಖನಿ ಹಿಡಿದ ಕೈಯಿಂದಲೇ ಹುಟ್ಟಿದವು. ನಮ್ಮ ಅಕ್ಷರಗಳು ಒಂದಕ್ಕೊಂದು ಅಂಟುವುದಿಲ್ಲ. ಅವುಗಳ ಚೆಲುವು ತಲೆಕಟ್ಟಿನ ಬಾಗು, ಹೊಟ್ಟೆಯ ದುಂಡುತನ ಮತ್ತು ಒತ್ತಕ್ಷರದ ಬಾಲದಲ್ಲಿದೆ. ಕಂಪ್ಯೂಟರು ಬಲಕ್ಕೆ ಓರೆ ಮಾಡಿದಾಗ ಗೆರೆಯ ಮೇಲಿನ ತಲೆಕಟ್ಟು ಬಲಕ್ಕೆ ಸರಿದರೆ, ಕೆಳಗಿನ ಒತ್ತುಗಳು ಎಡಕ್ಕೆ ಸರಿದು ತಾಯಕ್ಷರದಿಂದ ದೂರವಾಗುತ್ತವೆ. ತ್ಸ್ನಾ ಎಂಬಲ್ಲಿ ಎರಡು ಒತ್ತುಗಳಿರುವುದರಿಂದ ಅದು ಇನ್ನಷ್ಟು ಎದ್ದು ಕಾಣುತ್ತದೆ.
ಕೈಬರಹದ ಮಾದರಿಯಲ್ಲೇ ರೂಪಿಸಿದ ‘ನವಿಲು’ ಫಾಂಟ್ ಉಚಿತವಾಗಿ ಸಿಗುತ್ತದೆ. ಎರಿನ್ ಮೆಕ್‌ಲಾಫ್ಲಿನ್ ಅವರು ರೂಪಿಸಿದ ‘ಹುಬ್ಬಳ್ಳಿ’ ಫಾಂಟನ್ನೂ ನೋಡಿ, ಅದರ ಗೆರೆ ಉದ್ದಕ್ಕೂ ಒಂದೇ ದಪ್ಪವಾಗಿದ್ದು, ಆಪ್ತವಾಗಿ ಕಾಣುತ್ತದೆ. ಯಾವುದನ್ನು ಆರಿಸಿದರೂ ಮೊದಲು ತಂಗಿಯ ಹೆಸರನ್ನೇ ಟೈಪಿಸಿ ಪರೀಕ್ಷಿಸಿ.

ಉತ್ತರ (ಕಾರವಾರ):
ಇಂತಹ ಅಕ್ಷರಗಳನ್ನು ವಧೂವರರ ಹೆಸರಿಗೆ, ಹೆಚ್ಚೆಂದರೆ ‘ಶುಭವಿವಾಹ’ ಎಂಬ ಶೀರ್ಷಿಕೆಗೆ ಮಾತ್ರ ಮೀಸಲಿಡಿ. ಮುಹೂರ್ತ, ಸಭಾಭವನದ ವಿಳಾಸ, ಫೋನ್ ಸಂಖ್ಯೆಗಳನ್ನು ವಯಸ್ಸಾದವರೂ ಕನ್ನಡಕವಿಲ್ಲದೆ ಓದುವಂತೆ ನೇರವಾದ ಅಕ್ಷರದಲ್ಲಿ ಹಾಕುವುದೇ ಲೇಸು. ಇಂಗ್ಲಿಷ್ ಬದಿಯಲ್ಲಿ ಇಡೀ ಹೆಸರನ್ನು ದೊಡ್ಡಕ್ಷರಗಳಲ್ಲೇ ಹಾಕಬೇಡಿ, ಅಕ್ಷರಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಡಿ; ಹಾಗೆ ಮಾಡಿದರೆ ಕೂಡುಗೆರೆಗಳು ತುಂಡಾಗುತ್ತವೆ. ಹೊಂಬಣ್ಣದ ಫಾಯಿಲ್ ಒತ್ತಿಸುವುದಾದರೆ ಕೂದಲೆಳೆಯಂಥ ಗೆರೆಗಳು ಅಲ್ಲಲ್ಲಿ ಮಾಯವಾಗುವ ಸಂಭವವಿದೆಯಾದ್ದರಿಂದ, ತಾವು ಆರಿಸಿದ ಕಾಗದದ ಮೇಲೆಯೇ ಒಂದು ಪ್ರತಿ ತೆಗೆಸಿ ನೋಡಿ.

ಉತ್ತರ (ಹೊನ್ನಾವರ):
ಎರಡೇ ಹೆಸರುಗಳಿಗೆ ಫಾಂಟ್ ಯಾಕೆ ಬೇಕು? ನಮ್ಮ ಕಡೆ ಯಕ್ಷಗಾನದ ಬಟ್ಟೆ ಫಲಕಗಳನ್ನು ಕುಂಚ ಹಿಡಿದು ಬರೆದವರು ಒತ್ತಕ್ಷರದ ಬಾಲವನ್ನು ಜಾಗ ನೋಡಿ ಎಳೆಯುತ್ತಿದ್ದರು. ಆ ವಿವೇಚನೆ ಫಾಂಟಿಗೆ ಸುಲಭವಾಗಿ ಬರುವುದಿಲ್ಲ. ಒಳ್ಳೆಯ ಕೈಬರಹದವರಿಂದ ಬರೆಸಿ.

ಪ್ರಶ್ನೆ ಕೇಳಿದವರು:
ನಮ್ಮ ದೊಡ್ಡಪ್ಪ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದವರು, ಈಗಲೂ ಶಾಯಿ ಪೆನ್ನಿನಲ್ಲೇ ಬರೆಯುತ್ತಾರೆ. ಅವರನ್ನೇ ಕೇಳಿಕೊಂಡೆ, ಸಂತೋಷದಿಂದ ಒಪ್ಪಿದ್ದಾರೆ. ಎಷ್ಟು ದೊಡ್ಡದಾಗಿ ಬರೆಸಬೇಕು?

ಉತ್ತರ (ಕುಮಟಾ):
ಅಚ್ಚಾಗುವ ಅಳತೆಯ ಮೂರು ಪಟ್ಟು, ನಯವಾದ ಬಿಳಿ ಕಾಗದದಲ್ಲಿ, ಕಪ್ಪು ಶಾಯಿಯಿಂದ ಬರೆಸಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಒಂದೇ ಸಲಕ್ಕೆ ನಿಲ್ಲಿಸದೆ ಹತ್ತು ಸಲ ಬರೆಯಲು ದೊಡ್ಡಪ್ಪನವರನ್ನು ಕೇಳಿಕೊಳ್ಳಿ; ಅವುಗಳಲ್ಲಿ ತ್ಸ್ನಾ ಚೆನ್ನಾಗಿ ಕೂತಿರುವುದನ್ನು ಆರಿಸಿ.